ಹೆರಿಗೆಯ ನಂತರ ಹೊಟ್ಟೆ ಸಡಿಲವಾದರೆ

ಮಲಪ್ರಭೆಯ ದಂಡೆಯ ಚೊಳಚಗುಡ್ಡದಲ್ಲಿ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮಗುವಿಗೆ 40 ದಿನ ತುಂಬಿದೆ. ತಾಯಿ ಗುಸ್ಲ್ ಮಾಡಿ, ಶುಭ್ರವಾದ ಬಟ್ಟೆ ತೊಟ್ಟು, ಬಹಳ ದಿನಗಳ ನಂತರ ಮುಸಲ್ಲಾ ಹಾಸಿ ನಮಾಝ್‌ಗೆ ನಿಂತಿದ್ದಾಳೆ. ಸಜ್ದಾದಿಂದ ಏಳುವಾಗ ನಡು ಹಿಡಿದಂತಾಗುತ್ತದೆ, ಹೊಟ್ಟೆ ಜೋತುಬಿದ್ದ ಚೀಲದಂತೆ ಅನಿಸುತ್ತದೆ. ಆಕೆ ಸಲಾಮ್ ಹೇಳಿ ಮುಗಿಸುವಷ್ಟರಲ್ಲಿ ಮಗು ನೋಡಲು ಬಂದ ಖಾಲಾ ಕೇಳಿಯೇ ಬಿಡುತ್ತಾರೆ: "ಯಾಕ ಬೇಟಾ, ಹೊಟ್ಟಿ ಇನ್ನೂ ಇಳದಿಲ್ಲಲ್ಲ? ಸರಿಯಾಗಿ ಕಟ್ಕೊಳ್ಳಿಲ್ಲೇನು?"

ಖಾಲಾ ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಆದರೆ ಆ ಮಾತು ಬಾಣಂತಿಯ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಮರುದಿನದಿಂದ ಆಕೆ ಹಳೆ ಸೀರೆಯನ್ನು ಉಸಿರು ಕಟ್ಟುವಷ್ಟು ಬಿಗಿದು ಸುತ್ತಿಕೊಳ್ಳುತ್ತಾಳೆ. ಇಲ್ಲವೇ ಮೊಬೈಲ್‌ನಲ್ಲಿ ನೋಡಿದ ಕಸರತ್ತನ್ನು ಬಾಗಿಲು ಹಾಕಿಕೊಂಡು ಮಾಡುತ್ತಾಳೆ. ಇಲ್ಲವೇ ರಾತ್ರಿ ಊಟ ಬಿಡುತ್ತಾಳೆ. ಈ ಮೂರರಿಂದಲೂ ಸಡಿಲವಾದ ಹೊಟ್ಟೆ ಬಿಗಿಯಾಗುವುದಿಲ್ಲ, ಮೂರರಿಂದಲೂ ತೊಂದರೆಯಾಗಬಹುದು. ಹಾಗಾದರೆ ಏನು ಮಾಡಬೇಕು? ಅದಕ್ಕೆ ಮೊದಲು ಒಳಗೆ ಏನಾಗಿದೆ ಎಂದು ತಿಳಿಯಬೇಕು.

ಒಳಗೆ ಆಗಿರುವುದು

ಹೆರಿಗೆಯಾದ ಕೂಡಲೇ ಗರ್ಭಕೋಶ ಸುಮಾರು 1 ಕಿಲೋ ತೂಗುತ್ತದೆ. ಅದು ದಿನದಿಂದ ದಿನಕ್ಕೆ ಕುಗ್ಗುತ್ತಾ ಸುಮಾರು 6 ವಾರಗಳಲ್ಲಿ 60-70 ಗ್ರಾಂಗೆ ಇಳಿಯುತ್ತದೆ. ಹೆರಿಗೆಯಾದ ವಾರದಲ್ಲಿ ಹೊಟ್ಟೆ ಐದಾರು ತಿಂಗಳ ಬಸುರಿಯಂತೆ ಕಂಡರೆ ಅದರಲ್ಲಿ ಆಶ್ಚರ್ಯವೂ ಇಲ್ಲ, ಯಾರ ತಪ್ಪೂ ಇಲ್ಲ. ಮೊದಲ 40 ದಿನಗಳ ಹೊಟ್ಟೆಯನ್ನು ನೋಡಿ ತೀರ್ಪು ಕೊಡುವುದೇ ಸರಿಯಲ್ಲ.

ಅದರ ನಂತರವೂ ಉಳಿಯುವ ಸಡಿಲಿಕೆಗೆ ಕಾರಣ ಬೇರೆ. ಎದೆಗೂಡಿನಿಂದ ಕಿಬ್ಬೊಟ್ಟೆಯವರೆಗೆ ಹೊಟ್ಟೆಯ ಮುಂಭಾಗದಲ್ಲಿ ಎರಡು ಉದ್ದನೆಯ ಸ್ನಾಯುಗಳಿವೆ, ಬಲಕ್ಕೊಂದು ಎಡಕ್ಕೊಂದು. ನಡುವೆ ಅವೆರಡನ್ನೂ ಬೆಸೆಯುವ ಗಟ್ಟಿಯಾದ ಬಿಳಿಯ ಪಟ್ಟಿ ಇದೆ. ಮಗು ಬೆಳೆದಂತೆ ಈ ಪಟ್ಟಿ ಹಿಗ್ಗಿ ಅಗಲವಾಗಿ ತೆಳುವಾಗುತ್ತದೆ, ಎರಡೂ ಸ್ನಾಯುಗಳು ಪಕ್ಕಕ್ಕೆ ಸರಿಯುತ್ತವೆ. ನಮ್ಮ ಜಿಲ್ಲೆಯವರಿಗೆ ಇದನ್ನು ತಿಳಿಸುವುದು ಸುಲಭ. ಇಳಕಲ್ ಸೀರೆಯ ಒಡಲಿಗೂ ಸೆರಗಿಗೂ ಬೇರೆ ಬೇರೆ ಹಾಸು. ಒಂದರ ಎಳೆಗೆ ಇನ್ನೊಂದರ ಎಳೆಯನ್ನು ಕೊಂಡಿ ಹಾಕಿ ಜೋಡಿಸುತ್ತಾರೆ. ನಮ್ಮ ಹೊಟ್ಟೆಯ ನಡುವಿನ ಪಟ್ಟಿಯೂ ಅಂಥದೇ ಒಂದು ಜೋಡಣೆ. ಬಸುರಿನಲ್ಲಿ ಅದು ಹರಿದಿಲ್ಲ, ಎಳೆದು ಸಡಿಲವಾಗಿದೆ ಅಷ್ಟೆ. ವೈದ್ಯರು ಇದನ್ನು ಡಯಾಸ್ಟಾಸಿಸ್ ರೆಕ್ಟೈ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಡಿ.

ಇದು ಎಷ್ಟು ಸಾಮಾನ್ಯ ಎಂಬುದಕ್ಕೆ ಒಂದು ಲೆಕ್ಕವಿದೆ. ನಾರ್ವೆ ದೇಶದಲ್ಲಿ 300 ಚೊಚ್ಚಲ ತಾಯಂದಿರನ್ನು ಪರೀಕ್ಷಿಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಸ್ನಾಯುಗಳ ನಡುವೆ 2 ಬೆರಳು ಅಥವಾ ಅದಕ್ಕಿಂತ ಹೆಚ್ಚು ಅಂತರ ಇದ್ದವರು ಹೆರಿಗೆಯಾದ 6 ವಾರಕ್ಕೆ ನೂರಕ್ಕೆ 60, 6 ತಿಂಗಳಿಗೆ 45, ಒಂದು ವರ್ಷಕ್ಕೆ 33. ಒಳ್ಳೆಯ ಆಹಾರ, ಒಳ್ಳೆಯ ಆಸ್ಪತ್ರೆ ಇರುವ ದೇಶದಲ್ಲೂ ಒಂದು ವರ್ಷ ಕಳೆದರೂ ಮೂವರಲ್ಲಿ ಒಬ್ಬ ತಾಯಿಗೆ ಅಂತರ ಪೂರ್ತಿ ಮುಚ್ಚಿರಲಿಲ್ಲ. ಅದೇ ಅಧ್ಯಯನದಲ್ಲಿ ಇನ್ನೆರಡು ಸಂಗತಿಗಳು ಕಂಡವು. ಅಂತರ ಇದ್ದವರಿಗೆ ಇಲ್ಲದವರಿಗಿಂತ ಹೆಚ್ಚು ಸೊಂಟನೋವೇನೂ ಇರಲಿಲ್ಲ. ಆದರೆ ವಾರಕ್ಕೆ 20 ಸಲ ಅಥವಾ ಅದಕ್ಕಿಂತ ಹೆಚ್ಚು ಭಾರ ಎತ್ತುತ್ತಿದ್ದವರಲ್ಲಿ ಅಂತರ ಉಳಿದಿರುವ ಸಾಧ್ಯತೆ ಹೆಚ್ಚಾಗಿತ್ತು. ವಾರಕ್ಕೆ ಇಪ್ಪತ್ತು! ನಳದ ನೀರನ್ನು ಕೊಡದಲ್ಲಿ ತುಂಬುವ ಮನೆಯಲ್ಲಿ ಇಪ್ಪತ್ತು ಕೊಡ ಎರಡು ದಿನದ ಮಾತು.

ನೀವೇ ನೋಡಿಕೊಳ್ಳಿ

ಹೆರಿಗೆಯಾಗಿ 6 ರಿಂದ 8 ವಾರ ಕಳೆದ ಮೇಲೆ ಮನೆಯಲ್ಲೇ ಪರೀಕ್ಷಿಸಿಕೊಳ್ಳಬಹುದು. ಚಾಪೆಯ ಮೇಲೆ ಅಂಗಾತ ಮಲಗಿ ಮೊಣಕಾಲು ಮಡಚಿ, ಪಾದಗಳನ್ನು ನೆಲಕ್ಕೆ ಊರಿ. ಒಂದು ಕೈಯ ಬೆರಳುಗಳನ್ನು ಹೊಕ್ಕುಳಿನ ಸ್ವಲ್ಪ ಮೇಲೆ ಅಡ್ಡವಾಗಿಟ್ಟು ಮೆಲ್ಲಗೆ ಒತ್ತಿ. ಈಗ ತಲೆಯನ್ನೂ ಭುಜವನ್ನೂ ನೆಲದಿಂದ ಸ್ವಲ್ಪ ಮಾತ್ರ ಎತ್ತಿ. ಎರಡೂ ಬದಿಯ ಸ್ನಾಯುಗಳು ಬಿಗಿದು ಬೆರಳಿಗೆ ತಾಗುತ್ತವೆ. ಅವುಗಳ ನಡುವಿನ ತಗ್ಗಿನಲ್ಲಿ ಎಷ್ಟು ಬೆರಳು ಕೂಡುತ್ತವೆ ಎಂದು ಎಣಿಸಿ. ಹೊಕ್ಕುಳಿನ ಕೆಳಗೂ ಹೀಗೆಯೇ ನೋಡಿ. ಒಂದು ಬೆರಳು, ಒಂದೂವರೆ ಬೆರಳು ಇದ್ದರೆ ಚಿಂತೆಯಿಲ್ಲ. 8 ವಾರದ ನಂತರವೂ ಎರಡು ಬೆರಳಿಗಿಂತ ಹೆಚ್ಚಿದ್ದರೆ, ಅಥವಾ ತಲೆ ಎತ್ತಿದಾಗ ಹೊಟ್ಟೆಯ ನಡುವೆ ಉದ್ದಕ್ಕೆ ದಿಂಡಿನಂತೆ ಉಬ್ಬಿದರೆ, ಮುಂದೆ ಹೇಳುವ ವ್ಯಾಯಾಮಗಳನ್ನು ಬಿಡದೆ ಮಾಡಬೇಕು ಮತ್ತು ವೈದ್ಯರಿಗೆ ಒಮ್ಮೆ ತೋರಿಸಬೇಕು.

ಸಿಜೇರಿಯನ್ ಆದವರು ಹೊಲಿಗೆ ಪೂರ್ತಿ ಮಾಯುವ ತನಕ ಈ ಪರೀಕ್ಷೆಗೆ ಕೈಹಾಕಬಾರದು. ಅವರಿಗೆ ಇನ್ನೊಂದು ಮಾತು. 'ಆಪರೇಷನ್ನಿನಲ್ಲಿ ಹೊಟ್ಟೆಯ ಸ್ನಾಯುವನ್ನೇ ಕತ್ತರಿಸಿದ್ದಾರೆ, ಇನ್ನು ಅದು ಗಟ್ಟಿಯಾಗದು' ಎಂಬ ನಂಬಿಕೆ ಹಳ್ಳಿಗಳಲ್ಲಿದೆ. ಸಾಮಾನ್ಯವಾಗಿ ಈ ಉದ್ದನೆಯ ಸ್ನಾಯುಗಳನ್ನು ಕತ್ತರಿಸುವುದಿಲ್ಲ, ಎರಡೂ ಬದಿಗೆ ಸರಿಸಿ ದಾರಿ ಮಾಡಿಕೊಳ್ಳುತ್ತಾರೆ. ಕೊಯ್ಯುವುದು ಚರ್ಮ, ಅದರ ಕೆಳಗಿನ ಪದರಗಳು ಮತ್ತು ಗರ್ಭಕೋಶ. ಮಾಯಲು ಹೆಚ್ಚು ಕಾಲ ಬೇಕು ನಿಜ, ಆದರೆ ಅವರ ಹೊಟ್ಟೆಯೂ ಬಲವಾಗುತ್ತದೆ.

ಕಟ್ಟುವ ಬಟ್ಟೆ

ಬಾಣಂತಿಗೆ ಹೊಟ್ಟೆ ಕಟ್ಟುವ ರೂಢಿ ನಮ್ಮಲ್ಲಿ ಎಲ್ಲ ಸಮುದಾಯದವರಲ್ಲೂ ಇದೆ. ಈಗ ಔಷಧಿ ಅಂಗಡಿಯ ಬೆಲ್ಟ್ ಕೂಡ ಬಂದಿದೆ. ಇದನ್ನು ಪೂರ್ತಿ ತಳ್ಳಿಹಾಕಬೇಕಿಲ್ಲ. ಮೊದಲ ಕೆಲವು ವಾರ ಸಡಿಲವಾದ ಹೊಟ್ಟೆಗೆ ಒಂದು ಆಸರೆ ಸಿಗುತ್ತದೆ. ಸಿಜೇರಿಯನ್ ಆದವರಿಗೆ ಕೆಮ್ಮುವಾಗ, ಎದ್ದು ಓಡಾಡುವಾಗ ನೋವು ಕಡಿಮೆಯಾಗಬಹುದು. ಅಷ್ಟರ ಮಟ್ಟಿಗೆ ಬಟ್ಟೆ ಒಳ್ಳೆಯದು. ಆದರೆ ಬಟ್ಟೆ ಸ್ನಾಯುವಿಗೆ ಬಲ ಕೊಡುವುದಿಲ್ಲ. ಕೈ ಮುರಿದವನು ಪಟ್ಟಿ ಕಟ್ಟಿಕೊಂಡಷ್ಟಕ್ಕೆ ಅವನ ತೋಳು ಪೈಲ್ವಾನನ ತೋಳಾದೀತೆ?

ಅತಿಯಾಗಿ ಬಿಗಿದರೆ ಏನಾಗುತ್ತದೆ? ಜೋಳ ತುಂಬಿದ ಚೀಲದ ನಡುವಿಗೆ ಹಗ್ಗ ಬಿಗಿದು ನೋಡಿ. ನಡು ಸಣ್ಣದಾಗುತ್ತದೆ, ಕಾಳು ಮೇಲಕ್ಕೂ ಕೆಳಕ್ಕೂ ಒತ್ತುತ್ತದೆ. ನಮ್ಮ ಹೊಟ್ಟೆಗೂ ಒಂದು ತಳವಿದೆ. ಮೂತ್ರಕೋಶ, ಗರ್ಭಕೋಶ, ಗುದನಾಳಗಳನ್ನು ತೊಟ್ಟಿಲಿನಂತೆ ಹೊತ್ತಿರುವ ಸ್ನಾಯುಗಳ ತಳ ಅದು. ಒಂಬತ್ತು ತಿಂಗಳ ಭಾರ ಹೊತ್ತು, ಹೆರಿಗೆಯಲ್ಲಿ ಹಿಗ್ಗಿ ಅದು ಮೊದಲೇ ದಣಿದಿದೆ. ಬಿಗಿದ ಬಟ್ಟೆಯ ಒತ್ತಡ ಹೋಗಿ ಬೀಳುವುದು ಅದರ ಮೇಲೆಯೇ. ಆದ್ದರಿಂದ ಅಂಗೈ ಸುಲಭವಾಗಿ ಒಳಗೆ ತೂರುವಷ್ಟು ಮಾತ್ರ ಬಿಗಿ ಇರಲಿ, ಊಟ ಮಾಡುವಾಗಲೂ ರಾತ್ರಿ ಮಲಗುವಾಗಲೂ ಬಿಚ್ಚಿಡಿ. ಹೊಲಿಗೆ ಒದ್ದೆಯಾಗಿದ್ದರೆ, ಕೀವಿದ್ದರೆ ಕಟ್ಟಲೇಬೇಡಿ. ಆರು ವಾರದ ನಂತರ ಅದನ್ನು ಮೆಲ್ಲಗೆ ಬಿಟ್ಟುಬಿಡುವುದು ಒಳ್ಳೆಯದು.

ಉಸಿರಿನಿಂದ ಆರಂಭ

ಹೊಟ್ಟೆಯ ಹೊರಗಿನ ಎರಡು ಸ್ನಾಯುಗಳ ಅಡಿಯಲ್ಲಿ ಇನ್ನೊಂದು ಸ್ನಾಯು ಇದೆ. ಅದು ಸೊಂಟದ ಸುತ್ತ ಪಟ್ಟಿಯಂತೆ ಅಡ್ಡಲಾಗಿ ಹರಡಿದೆ. ಅಲ್ಲಾಹನು ನಮ್ಮೊಳಗೇ ಇಟ್ಟಿರುವ ನಡುಪಟ್ಟಿ ಅದು. ಹೊರಗಿನ ಬಟ್ಟೆಯ ಬದಲು ಇದನ್ನು ಬಿಗಿಗೊಳಿಸುವುದೇ ನಮ್ಮ ಕೆಲಸ. ಅದಕ್ಕೆ ಜಿಮ್ ಬೇಡ, ಸಲಕರಣೆ ಬೇಡ, ಹೊರಗೆ ಹೋಗಬೇಕಾಗಿಯೂ ಇಲ್ಲ. ಮಗು ಮಲಗಿದ ಹತ್ತು ನಿಮಿಷ ಸಾಕು.

ಸಹಜ ಹೆರಿಗೆಯಾಗಿದ್ದರೆ ಎರಡು ಮೂರು ದಿನಕ್ಕೇ ಶುರುಮಾಡಬಹುದು. ಸಿಜೇರಿಯನ್ ಆದವರು ಮೂತ್ರದ ನಳಿಕೆ ತೆಗೆದು, ನೋವು ತಗ್ಗಿದ ಮೇಲೆ ವೈದ್ಯರನ್ನು ಕೇಳಿ ಆರಂಭಿಸಲಿ. ಒಂದು ಪಕ್ಕಕ್ಕೆ ಹೊರಳಿ, ಮೊಣಕಾಲು ಸ್ವಲ್ಪ ಮಡಚಿ ಮಲಗಿ. ಮೂಗಿನಿಂದ ಮೆಲ್ಲಗೆ ಉಸಿರು ತೆಗೆದುಕೊಳ್ಳಿ, ಹೊಟ್ಟೆ ಸಡಿಲವಾಗಿ ಹೊರಗೆ ಬರಲಿ. ಉಸಿರು ಬಿಡುತ್ತಾ ಹೊಕ್ಕುಳಿನ ಕೆಳಗಿನ ಭಾಗವನ್ನು ಬೆನ್ನಿನ ಕಡೆಗೆ ಎಳೆದುಕೊಳ್ಳಿ, ಜೋರಾಗಿ ಅಲ್ಲ, ಬಿಗಿ ಸಲವಾರಿನ ನಾಡಿ ಕಟ್ಟುವಾಗ ಹೊಟ್ಟೆಯನ್ನು ಒಳಗೆ ಸೆಳೆದುಕೊಳ್ಳುತ್ತೀರಲ್ಲ, ಅಷ್ಟು. ಹಾಗೇ ಹಿಡಿದು, ಉಸಿರನ್ನು ಕಟ್ಟದೆ ಸಹಜವಾಗಿ ಆಡಿಸುತ್ತಾ, ಐದು ಎಣಿಸಿ ಬಿಡಿ. ದಿನ ಕಳೆದಂತೆ ಹತ್ತು ಎಣಿಸುವ ತನಕ ಹಿಡಿಯಲು ಬರುತ್ತದೆ. ಒಂದು ಸಲಕ್ಕೆ ಹತ್ತು ಬಾರಿ, ದಿನಕ್ಕೆ ಎರಡು ಮೂರು ಸಲ.

ಇದರ ಜೊತೆಗೇ ತಳದ ಸ್ನಾಯುವಿನ ವ್ಯಾಯಾಮ. ಇದನ್ನು 1948ರಲ್ಲಿ ಪ್ರಕಟಿಸಿ ಪ್ರಚಾರಕ್ಕೆ ತಂದವರು ಅಮೆರಿಕದ ಸ್ತ್ರೀರೋಗ ತಜ್ಞ ಅರ್ನಾಲ್ಡ್ ಕೆಗೆಲ್. ಅವರ ಹೆಸರಿನಿಂದಲೇ ಇಂದಿಗೂ ಕೆಗೆಲ್ ವ್ಯಾಯಾಮ ಎನ್ನುತ್ತಾರೆ. ವಾಯು ಹೋಗದಂತೆ ತಡೆಯುವಾಗ, ಮೂತ್ರವನ್ನು ತಡೆಹಿಡಿಯುವಾಗ ಯಾವ ಸ್ನಾಯುವನ್ನು ಬಿಗಿಯುತ್ತೀರೋ ಅದನ್ನೇ ಮೇಲಕ್ಕೆ ಎಳೆದು ಐದು ಎಣಿಸಿ, ಪೂರ್ತಿ ಸಡಿಲಬಿಟ್ಟು ಮತ್ತೆ ಐದು ಎಣಿಸಿ. ತೊಡೆ, ಪೃಷ್ಠಗಳು ಬಿಗಿಯಬಾರದು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಮಗುವಿಗೆ ಹಾಲು ಕೊಡುತ್ತಾ ಕುಳಿತಾಗ ಮಾಡಿದರೆ ಮರೆಯುವುದೂ ಇಲ್ಲ, ಯಾರಿಗೂ ತಿಳಿಯುವುದೂ ಇಲ್ಲ. ನಿಜವಾಗಿ ಮೂತ್ರ ಮಾಡುತ್ತಿರುವಾಗ ನಿಲ್ಲಿಸಿ ನಿಲ್ಲಿಸಿ ಅಭ್ಯಾಸ ಮಾಡಬೇಡಿ, ಮೂತ್ರಕೋಶ ಪೂರ್ತಿ ಖಾಲಿಯಾಗದೆ ತೊಂದರೆಯಾಗುತ್ತದೆ.

ನಡಿಗೆಯೂ ಬೇಕು. ಮೊದಲ ವಾರ ಕೋಣೆಯಲ್ಲಿ, ಪಡಸಾಲೆಯಲ್ಲಿ, ಆಮೇಲೆ ಅಂಗಳದಲ್ಲಿ. ಬಾಣಂತಿ 40 ದಿನ ಹೊರಸು ಬಿಟ್ಟು ಇಳಿಯಬಾರದು ಎಂಬ ಹಟ ಒಳ್ಳೆಯದಲ್ಲ. ಸದಾ ಮಲಗಿದ್ದರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ. ವಿಶ್ರಾಂತಿ ಬೇರೆ, ಅಲುಗಾಡದೆ ಬಿದ್ದಿರುವುದು ಬೇರೆ. (ಬಾಗಿಲು, ಕಿಟಕಿ ಮುಚ್ಚಿ ಹೊರಸಿನ ಕೆಳಗೆ ಕೆಂಡ ಇಡುವವರು ಈಗಲೂ ಇದ್ದಾರೆ. ಆ ಹೊಗೆಯಲ್ಲಿನ ವಿಷಾನಿಲ ತಾಯಿ, ಮಗು ಇಬ್ಬರ ಪ್ರಾಣಕ್ಕೂ ಅಪಾಯ. ಲೇಖನದ ವಿಷಯ ಇದಲ್ಲವಾದರೂ ಹೇಳದೆ ಇರಲಾಗಲಿಲ್ಲ.)

ಆರು ವಾರ ಕಳೆದು, ರಕ್ತಸ್ರಾವ ನಿಂತು, ವೈದ್ಯರು ಪರೀಕ್ಷಿಸಿದ ಮೇಲೆ ಇನ್ನೂ ಸ್ವಲ್ಪ ಮುಂದೆ ಹೋಗಬಹುದು. ಅಂಗಾತ ಮಲಗಿ ಮೊಣಕಾಲು ಮಡಚಿ, ಉಸಿರು ಬಿಡುತ್ತಾ ಹೊಟ್ಟೆಯನ್ನು ಒಳಗೆ ಎಳೆದುಕೊಂಡು, ಒಂದು ಹಿಮ್ಮಡಿಯನ್ನು ನೆಲದ ಮೇಲೆ ಜಾರಿಸುತ್ತಾ ಕಾಲು ಚಾಚಿ, ಮತ್ತೆ ಒಳಗೆ ತನ್ನಿ. ಆಮೇಲೆ ಇನ್ನೊಂದು ಕಾಲು. ಸೊಂಟ ನೆಲದಿಂದ ಏಳಬಾರದು. ಇದು ಸುಲಭವಾದ ಮೇಲೆ ಅದೇ ಭಂಗಿಯಲ್ಲಿ ಪೃಷ್ಠವನ್ನು ಮೆಲ್ಲಗೆ ಮೇಲೆತ್ತಿ ಮೂರು ಎಣಿಸಿ ಇಳಿಸಿ. ಯಾವ ವ್ಯಾಯಾಮದಲ್ಲಾದರೂ ಸರಿ, ಹೊಟ್ಟೆಯ ನಡುವೆ ದಿಂಡು ಎದ್ದರೆ ಅದು ನಿಮ್ಮ ಶಕ್ತಿಗೆ ಮೀರಿದೆ ಎಂದರ್ಥ. ಹಿಂದಿನ ಮೆಟ್ಟಿಲಿಗೆ ಬನ್ನಿ.

ಅಂಗಾತ ಮಲಗಿ ಒಮ್ಮೆಲೇ ಎದ್ದು ಕೂರುವ ಕಸರತ್ತು, ಎರಡೂ ಕಾಲುಗಳನ್ನು ಒಟ್ಟಿಗೆ ಮೇಲೆತ್ತುವುದು, ಮೊಣಕೈ ಊರಿ ಹಲಗೆಯಂತೆ ನಿಲ್ಲುವುದು, ಮೊಬೈಲಿನಲ್ಲಿ 'ಹೊಟ್ಟೆ ಕರಗಿಸಲು' ಎಂದು ತೋರಿಸುವುದು ಹೆಚ್ಚಾಗಿ ಇವನ್ನೇ. ಅಂತರ ಮುಚ್ಚುವ ಮೊದಲೇ ಇವನ್ನು ಮಾಡಿದರೆ ಒಳಗಿನ ಒತ್ತಡವೆಲ್ಲ ಆ ತೆಳುವಾದ ಪಟ್ಟಿಯ ಮೇಲೆ ಬೀಳುತ್ತದೆ. ಇವುಗಳಿಗೆ ಅವಸರ ಬೇಡ.

ದೇಹ ಚೇತರಿಸಿಕೊಂಡ ಮೇಲೆ ವಾರಕ್ಕೆ ಒಟ್ಟು 150 ನಿಮಿಷವಾದರೂ ಚುರುಕಾದ ನಡಿಗೆಯಂಥ ಚಟುವಟಿಕೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆಯ 2022ರ ಸಲಹೆ. ದಿನಕ್ಕೆ ಇಪ್ಪತ್ತು ಇಪ್ಪತ್ತೆರಡು ನಿಮಿಷವಾಯಿತು. ಒಂದೇ ಸಲ ಆಗದಿದ್ದರೆ ಹತ್ತು ಹತ್ತು ನಿಮಿಷ ಮಾಡಿ.

ನಮಾಝ್ ಮತ್ತು ವುಝೂ

ನಿಫಾಸ್‌ನ ರಕ್ತ ನಿಂತರೆ ನಲವತ್ತು ದಿನ ಕಾಯಬೇಕಿಲ್ಲ, ಗುಸ್ಲ್ ಮಾಡಿ ನಮಾಝ್ ಆರಂಭಿಸಬೇಕು ಎಂಬುದು ಬಹಳ ಸಹೋದರಿಯರಿಗೆ ಗೊತ್ತಿಲ್ಲ. ಕೆಲವರಿಗೆ ಮೂರನೇ ವಾರಕ್ಕೇ ನಿಲ್ಲುತ್ತದೆ. ಆಗ ಹೊಟ್ಟೆಯ ಸ್ನಾಯು ಇನ್ನೂ ಹಸಿಯಾಗಿರುತ್ತದೆ, ಹೊಲಿಗೆಯೂ ಹಸಿ ಇರಬಹುದು. ರುಕೂಗೆ ಬಾಗುವಾಗ ಮತ್ತು ಸಜ್ದಾದಿಂದ ಏಳುವಾಗ ಝಟ್ಟನೆ ಎದ್ದರೆ ನಡುವಿಗೆ ಪೆಟ್ಟು. ಸಜ್ದಾದಿಂದ ಏಳುವ ಮುನ್ನ ಉಸಿರು ಬಿಡುತ್ತಾ ಹೊಟ್ಟೆಯನ್ನೂ ತಳದ ಸ್ನಾಯುವನ್ನೂ ಒಳಗೆ ಎಳೆದುಕೊಳ್ಳಿ, ಕೈಗಳನ್ನು ನೆಲಕ್ಕೂ ತೊಡೆಗೂ ಊರಿ ನಿಧಾನವಾಗಿ ಏಳಿ. ಐದು ಹೊತ್ತೂ ಹೀಗೆ ನಿಧಾನವಾಗಿ ಎದ್ದರೆ ದಿನದ ವ್ಯಾಯಾಮಕ್ಕೆ ಅದೂ ಸೇರಿದಂತಾಯಿತು. ನಮಾಝ್ ಇಬಾದತ್, ಅದನ್ನು ವ್ಯಾಯಾಮ ಎಂದು ಮಾಡುವುದಲ್ಲ. ಆದರೆ ದೇಹವನ್ನು ನೋಯಿಸಿಕೊಳ್ಳದೆ ಮಾಡುವುದು ಬೇಕಲ್ಲವೇ? ನೋವು ತಡೆಯಲಾಗದಿದ್ದರೆ ಕುಳಿತು ನಮಾಝ್ ಮಾಡಲು ರೋಗಿಗೆ ಅನುಮತಿ ಇದೆ, ಅದನ್ನು ಬಳಸಿಕೊಳ್ಳಲು ಸಂಕೋಚ ಬೇಡ.

ಇನ್ನು ಯಾರೂ ಬಾಯಿಬಿಟ್ಟು ಹೇಳದ ಒಂದು ವಿಷಯ. ಕೆಮ್ಮಿದರೆ, ಸೀನಿದರೆ, ಸಜ್ದಾಕ್ಕೆ ಬಾಗಿದರೆ ಎರಡು ಹನಿ ಮೂತ್ರ ಜಾರುತ್ತದೆ. ವುಝೂ ಮುರಿಯಿತೆಂದು ಮತ್ತೆ ಮಾಡುತ್ತಾಳೆ, ಮತ್ತೆ ಜಾರುತ್ತದೆ. ಬಟ್ಟೆ ಬದಲಿಸುತ್ತಾಳೆ. ಕೊನೆಗೆ ಬೇಸತ್ತು ನಮಾಝನ್ನೇ ಮುಂದೂಡುತ್ತಾಳೆ, ಮದುವೆಗೆ ಹೋಗುವುದನ್ನು ಬಿಡುತ್ತಾಳೆ, ನೀರು ಕುಡಿಯುವುದನ್ನು ಕಡಿಮೆ ಮಾಡುತ್ತಾಳೆ. ಗಂಡನಿಗೂ ಹೇಳುವುದಿಲ್ಲ. ಅತ್ತೆಗೆ ಹೇಳಿದರೆ "ಮಕ್ಕಳಾದ ಮ್ಯಾಲ ಎಲ್ಲಾರಿಗೂ ಹಂಗs" ಎಂಬ ಉತ್ತರ. ಬಹಳ ಜನರಿಗೆ ಹಾಗಾಗುತ್ತದೆ ಎಂಬುದು ನಿಜ, ಅದಕ್ಕೆ ಉಪಾಯವಿಲ್ಲ ಎಂಬುದು ಸುಳ್ಳು. ಇದು ಅಶುಚಿತ್ವವಲ್ಲ, ನಿರ್ಲಕ್ಷ್ಯವೂ ಅಲ್ಲ, ತಳದ ಸ್ನಾಯು ಸೋತಿರುವ ಲಕ್ಷಣ. ಮೇಲೆ ಹೇಳಿದ ಕೆಗೆಲ್ ವ್ಯಾಯಾಮವೇ ಇದಕ್ಕೆ ಮೊದಲ ಚಿಕಿತ್ಸೆ. ಎರಡು ದಿನ ಮಾಡಿ ಬಿಟ್ಟರೆ ಗುಣ ಕಾಣುವುದಿಲ್ಲ, ಕನಿಷ್ಠ ಮೂರು ತಿಂಗಳು ಬಿಡದೆ ಮಾಡಬೇಕು. ಸೀನು ಬರುವ ಮುನ್ನ, ಭಾರ ಎತ್ತುವ ಮುನ್ನ ಆ ಸ್ನಾಯುವನ್ನು ಬಿಗಿದುಕೊಳ್ಳುವ ಅಭ್ಯಾಸವೂ ಬೇಕು. ಮೂರು ತಿಂಗಳಾದರೂ ನಿಲ್ಲದಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಿ. ಅಲ್ಲಿಯವರೆಗೆ ವುಝೂವಿನ ಮಸ್‌ಅಲಾ ಏನು ಎಂಬುದನ್ನು ತಿಳಿದ ಆಲಿಮರಲ್ಲಿ ಕೇಳಿ. ನೇರವಾಗಿ ಕೇಳಲು ನಾಚಿಕೆಯಾದರೆ ಗಂಡನ ಮೂಲಕ, ಇಲ್ಲವೇ ಆಲಿಮಾ ಒಬ್ಬರ ಮೂಲಕ ಕೇಳಿಸಿ. ನಾಚಿಕೆಗಾಗಿ ನಮಾಝ್ ಬಿಡಬೇಡಿ.

ಕೊಡ, ರೊಟ್ಟಿ, ಮಗ್ಗ

ಚೊಚ್ಚಲ ಹೆರಿಗೆ ತವರಿನಲ್ಲಾಗುತ್ತದೆ. ಅಲ್ಲಿರುವ ತನಕ ತಾಯಿ ಕೆಲಸ ಮುಟ್ಟಗೊಡುವುದಿಲ್ಲ. ಗಂಡನ ಮನೆಗೆ ಬಂದ ಮರುದಿನದಿಂದ ಕೊಡ, ಕಟ್ಟಿಗೆ, ಬಟ್ಟೆಯ ಬುಟ್ಟಿ ಎಲ್ಲ ಒಟ್ಟಿಗೆ ಮೈಮೇಲೆ ಬೀಳುತ್ತವೆ. ಎರಡನೆಯ, ಮೂರನೆಯ ಹೆರಿಗೆಯವರಿಗಂತೂ ತವರಿನ ಆ ವಿಶ್ರಾಂತಿಯೂ ಇರುವುದಿಲ್ಲ. ವ್ಯಾಯಾಮ ಹತ್ತು ನಿಮಿಷ, ಕೆಲಸ ಹದಿನಾಲ್ಕು ತಾಸು. ಹಾಗಾಗಿ ಕೆಲಸದ ರೀತಿಯನ್ನು ಸರಿಪಡಿಸದೆ ಬರೀ ವ್ಯಾಯಾಮ ಮಾಡಿದರೆ ಪ್ರಯೋಜನವಿಲ್ಲ.

ಮೊದಲ ಆರು ವಾರ ಮಗುವಿಗಿಂತ ಭಾರವಾದದ್ದನ್ನು ಎತ್ತಬಾರದು, ಸಿಜೇರಿಯನ್ ಆದವರಂತೂ ಖಂಡಿತ ಎತ್ತಬಾರದು. ಹಾಸಿಗೆಯಿಂದ ಏಳುವಾಗ ನೇರ ಏಳದೆ ಪಕ್ಕಕ್ಕೆ ಹೊರಳಿ, ಕೈ ಊರಿ ಏಳಬೇಕು. ಇದೊಂದನ್ನು ಮಾತ್ರ ಜನ್ಮವಿಡೀ ಇಟ್ಟುಕೊಂಡರೂ ನಷ್ಟವಿಲ್ಲ. ಆಮೇಲೆ ನೀರು ತರಲೇಬೇಕಾದರೆ ದೊಡ್ಡ ಕೊಡ ಬಿಟ್ಟು ಸಣ್ಣ ಎರಡು ಪಾತ್ರೆಗಳಲ್ಲಿ ಎರಡೂ ಕೈಗೆ ಸಮವಾಗಿ ತನ್ನಿ. ಸೊಂಟದ ಒಂದೇ ಬದಿಗೆ ಕೊಡ, ಇನ್ನೊಂದು ಬದಿಗೆ ಮಗು ಬೇಡ. ಎತ್ತುವಾಗ ನಡು ಬಗ್ಗಿಸದೆ ಮೊಣಕಾಲು ಮಡಚಿ, ಉಸಿರು ಬಿಡುತ್ತಾ ಎತ್ತಿ. ಉಸಿರು ಬಿಗಿಹಿಡಿದು ಎತ್ತಿದರೆ ಒತ್ತಡವೆಲ್ಲ ಕೆಳಕ್ಕೆ ಹೋಗುತ್ತದೆ. ರೊಟ್ಟಿ ಬಡಿಯುವವರು ಒಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂರದೆ ಒಂದು ಮಣೆ ಹಾಕಿಕೊಳ್ಳಿ.

ಇಳಕಲ್, ಗುಳೇದಗುಡ್ಡ, ಕಮತಗಿ, ಸೂಳೇಬಾವಿ ಕಡೆಯ ನೇಕಾರ ಮನೆಗಳ ತಾಯಂದಿರು ಕಂಡಿಕೆ ಸುತ್ತಲು ಬೇಗನೆ ಕೂತುಬಿಡುತ್ತಾರೆ. ಹಗುರವಾದ ಕೆಲಸ ನಿಜ, ಆದರೆ ತಾಸುಗಟ್ಟಲೆ ಬೆನ್ನು ಬಾಗಿಸಿ ಕುಳಿತರೆ ಹೊಟ್ಟೆಯ ಸ್ನಾಯು ಸಡಿಲವಾಗಿಯೇ ಉಳಿಯುತ್ತದೆ. ಅರ್ಧ ತಾಸಿಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ, ಬೆನ್ನಿಗೆ ಗೋಡೆಯ ಆಸರೆ ಇರಲಿ. ಮಗ್ಗದ ಕುಣಿಯಲ್ಲಿ ಕುಳಿತು ಕಾಲುಮಣೆ ತುಳಿಯುವ ಕೆಲಸವನ್ನು ಮೂರು ತಿಂಗಳಾದರೂ ಮನೆಯ ಬೇರೆಯವರು ನೋಡಿಕೊಳ್ಳಲಿ.

ಇಲ್ಲಿ ಗಂಡಸರಿಗೂ ಒಂದು ಮಾತು. ಪ್ರವಾದಿ(ಸ) ಮನೆಯಲ್ಲಿದ್ದಾಗ ಮನೆಯವರ ಕೆಲಸಕ್ಕೆ ನೆರವಾಗುತ್ತಿದ್ದರು ಎಂದು ಹದೀಸ್‌ನಲ್ಲಿ ಓದುತ್ತೇವೆ. ಬಾಣಂತಿಯ ಮನೆಯಲ್ಲಿ ನೀರು ತುಂಬಿಡುವುದು ಆ ನೆರವಿನ ಮೊದಲ ಪಾಠವಾಗಲಿ. ಇನ್ನೊಂದು, ಮುಂದಿನ ಬಸುರಿಗೆ ಅವಸರ ಬೇಡ. ಹೆರಿಗೆಯ ನಂತರ ಕನಿಷ್ಠ 24 ತಿಂಗಳು ಬಿಟ್ಟು ಮುಂದಿನ ಗರ್ಭ ನಿಲ್ಲುವುದು ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಪೂರ್ಣವಾಗಿ ಹಾಲುಣಿಸಲು ಕುರ್‌ಆನ್ ಹೇಳಿದ ಅವಧಿಯೂ ಎರಡು ವರ್ಷ. ಸ್ನಾಯು ಬಲವಾಗುವ ಮೊದಲೇ ಮತ್ತೆ ಹಿಗ್ಗಿದರೆ ಅಂತರ ಇನ್ನೂ ಅಗಲವಾಗುತ್ತದೆ.

ಊಟ ಬಿಟ್ಟರೆ ಹೊಟ್ಟೆ ಇಳಿಯದು

ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಮತ್ತು ಸುಮಾರು 17 ಗ್ರಾಂ ಪ್ರೋಟೀನ್ ಹೆಚ್ಚಿಗೆ ಬೇಕು ಎಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2020ರ ಲೆಕ್ಕ. ಮಾಮೂಲಿ ಊಟದ ಮೇಲೆ ಇನ್ನೆರಡು ಜೋಳದ ರೊಟ್ಟಿ, ಒಂದು ಬಟ್ಟಲು ಕಾಳಿನ ಪಲ್ಯ, ಒಂದು ಮೊಟ್ಟೆ, ಒಂದು ಲೋಟ ಹಾಲು ಸೇರಿಸಿದರೆ ಹೆಚ್ಚುಕಡಿಮೆ ಅಷ್ಟಾಗುತ್ತದೆ. ಹಿಗ್ಗಿದ ಪಟ್ಟಿ, ಸ್ನಾಯು, ಚರ್ಮ ಎಲ್ಲವೂ ಸರಿಯಾಗುವುದು ಪ್ರೋಟೀನ್‌ನಿಂದ. ಉಪವಾಸ ಬಿದ್ದರೆ ನಮಗೆ ಬೇಕಾದ ಸ್ನಾಯುವೂ ಕರಗುತ್ತದೆ.

ಅಂಟಿನ ಉಂಡಿ, ಅಳವಿ ಪಾಯಸ, ಹರೀರಾ, ಕಾಲು ಸೂಪ್ ಎಲ್ಲ ಒಳ್ಳೆಯವೇ. ದಿನಕ್ಕೊಂದು ಉಂಡಿ ಸಾಕು. ನಾಲ್ಕು ತಿಂದು ಮಲಗಿದರೆ ಅದರ ತುಪ್ಪ, ಬೆಲ್ಲ ಹೊಟ್ಟೆಯ ಮೇಲೇ ಕೂರುತ್ತದೆ. ಸೊಪ್ಪು, ಹಣ್ಣು, ಮಜ್ಜಿಗೆ ಬಾಣಂತಿಗೆ ಶೀತ ಎಂದು ತಡೆಯಬೇಡಿ. 'ನೀರು ಕುಡಿದರೆ ಹೊಟ್ಟೆ ಬರುತ್ತದೆ' ಎಂದು ಲೋಟ ಎಣಿಸಿ ನೀರು ಕೊಡುವ ಮನೆಗಳಿವೆ. ನೀರು ಕಡಿಮೆಯಾದರೆ ಮಲಬದ್ಧತೆ, ಮಲಬದ್ಧತೆಯಾದರೆ ತಿಣುಕುವುದು, ತಿಣುಕಿದರೆ ಹೊಲಿಗೆಗೂ ತಳದ ಸ್ನಾಯುವಿಗೂ ಪೆಟ್ಟು. ಬಾಯಾರಿದಾಗಲೆಲ್ಲ ಕುಡಿಯಲಿ, ಕುದಿಸಿ ಆರಿಸಿದ ನೀರಾದರೆ ಇನ್ನೂ ಒಳ್ಳೆಯದು. ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ ನುಂಗಬೇಕು, ಅದು ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಸಿಗುತ್ತದೆ. 2017ರಲ್ಲಿ ಆರಂಭವಾದ ಮಾತೃಪೂರ್ಣ ಯೋಜನೆಯಲ್ಲಿ ಬಾಣಂತಿಯರಿಗೂ ಅಂಗನವಾಡಿಯ ಬಿಸಿಯೂಟದ ಹಕ್ಕಿದೆ ಎಂಬುದು ನೆನಪಿರಲಿ.

ಚರ್ಮದ ಮಾತು

ಸ್ನಾಯು ನಮ್ಮ ಮಾತು ಕೇಳುತ್ತದೆ, ಚರ್ಮ ಅಷ್ಟಾಗಿ ಕೇಳುವುದಿಲ್ಲ. ಹಿಗ್ಗಿದ ಚರ್ಮ ಆರು ತಿಂಗಳು, ವರ್ಷದವರೆಗೂ ನಿಧಾನವಾಗಿ ಕುಗ್ಗುತ್ತಾ ಹೋಗುತ್ತದೆ. ಎಷ್ಟು ಕುಗ್ಗುತ್ತದೆ ಎಂಬುದು ವಯಸ್ಸು, ವಂಶದಿಂದ ಬಂದ ಚರ್ಮದ ಗುಣ, ಮಗುವಿನ ಗಾತ್ರ, ಎಷ್ಟನೆಯ ಹೆರಿಗೆ, ಅವಳಿಯೋ ಏನೋ ಎಂಬುದರ ಮೇಲೆ ನಿಂತಿದೆ. ಕೆಂಪಗಿದ್ದ ಗೀರುಗಳು ಬರಬರುತ್ತಾ ಬೆಳ್ಳಗಾಗಿ ಮಸುಕಾಗುತ್ತವೆ, ಪೂರ್ತಿ ಅಳಿಯುವುದಿಲ್ಲ. ಗೀರು ಅಳಿಸುವುದಾಗಿ, ಚರ್ಮ ಬಿಗಿಸುವುದಾಗಿ ಹೇಳುವ ದುಬಾರಿ ಮುಲಾಮುಗಳಿಗೆ ಹಣ ಸುರಿಯುವ ಬದಲು ಅದೇ ಹಣದಲ್ಲಿ ಮೊಟ್ಟೆ, ಹಣ್ಣು ತನ್ನಿ. ಕೊಬ್ಬರಿ ಎಣ್ಣೆ ಹಚ್ಚಿದರೆ ತುರಿಕೆ ತಗ್ಗಿ ಹಿತವಾಗುತ್ತದೆ, ಅಷ್ಟೇ ಅದರ ಕೆಲಸ. ನೀರೆರೆಯುವವರು ಹೊಟ್ಟೆಯನ್ನು ಒತ್ತಿ ತಿಕ್ಕುವುದನ್ನು ಬಿಡಿಸಿ, ಸಿಜೇರಿಯನ್ ಹೊಲಿಗೆಯ ಮೇಲೆ ಕೈ ಇಡಲೇಬಾರದು.

ವರ್ಷ ಕಳೆದರೂ ಸ್ವಲ್ಪ ಸಡಿಲ ಚರ್ಮ ಉಳಿದರೆ? ಉಳಿಯಲಿ. ಹೊಟ್ಟೆ ಬಲವಾಗಿದ್ದು, ಸೊಂಟ ನೋಯದೆ, ಮೂತ್ರ ಜಾರದೆ ಇದ್ದರೆ ನಿಮ್ಮ ದೇಹ ಆರೋಗ್ಯವಾಗಿದೆ. ಇದನ್ನು ನಾನು ತಾಯಂದಿರಿಗೆ ಹೇಳುವುದಕ್ಕಿಂತ ಅವರ ಹೊಟ್ಟೆ ನೋಡಿ ಮಾತಾಡುವವರಿಗೆ ಹೇಳುತ್ತಿದ್ದೇನೆ.

ಯಾವಾಗ ವೈದ್ಯರ ಬಳಿ ಹೋಗಬೇಕು

ಹೊಕ್ಕುಳಿನಲ್ಲಿ ಅಥವಾ ಹೊಲಿಗೆಯ ಜಾಗದಲ್ಲಿ ಗಂಟಿನಂತೆ ಉಬ್ಬು ಬಂದರೆ ಅದು ಹರ್ನಿಯಾ ಇರಬಹುದು, ಶಸ್ತ್ರಚಿಕಿತ್ಸಕರಿಗೆ ತೋರಿಸಿ. ಆ ಉಬ್ಬು ಗಟ್ಟಿಯಾಗಿ ನೋಯುತ್ತಾ ವಾಂತಿಯಾದರೆ ಅದೇ ದಿನ, ಅದೇ ತಾಸು ಆಸ್ಪತ್ರೆ ಸೇರಬೇಕು. ಯೋನಿಯಲ್ಲಿ ಏನೋ ಕೆಳಗೆ ಜಾರಿ ಬಂದಂತೆ ಅನಿಸಿದರೆ ತಡ ಮಾಡದೆ ವೈದ್ಯೆಗೆ ಹೇಳಿ. ಇವುಗಳಲ್ಲದೆ ಜ್ವರ, ದುರ್ವಾಸನೆಯ ಸ್ರಾವ, ಒಂದು ತಾಸಿನೊಳಗೆ ಪ್ಯಾಡ್ ತೊಯ್ದು ಹೋಗುವಷ್ಟು ರಕ್ತ, ಒಂದೇ ಕಾಲಿನ ಮೀನಖಂಡದಲ್ಲಿ ಬಾವು ನೋವು, ಉಸಿರಾಟಕ್ಕೆ ಕಷ್ಟ, ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಇವುಗಳಲ್ಲಿ ಯಾವುದು ಕಂಡರೂ ವ್ಯಾಯಾಮದ ಮಾತು ಬಿಟ್ಟು 108ಕ್ಕೆ ಫೋನ್ ಮಾಡಿ.

ತುರ್ತಿಲ್ಲದ ವಿಷಯಕ್ಕೆ ಮೊದಲು ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಕೆ 3, 7, 14, 21, 28 ಮತ್ತು 42ನೇ ದಿನ ಬರಬೇಕು. ಮಗುವನ್ನು ತೂಗಿ ಹೊರಟರೆ ಕೂರಿಸಿಕೊಂಡು ನಿಮ್ಮ ವಿಷಯವನ್ನೂ ಹೇಳಿ. ಚೊಳಚಗುಡ್ಡದವರಿಗೆ ಬಾದಾಮಿಯ ತಾಲ್ಲೂಕು ಆಸ್ಪತ್ರೆ ಹತ್ತಿರ. ಹೆಚ್ಚಿನ ಚಿಕಿತ್ಸೆ ಬೇಕಾದರೆ ಬಾಗಲಕೋಟೆಯ ನವನಗರದಲ್ಲಿ ಜಿಲ್ಲಾ ಆಸ್ಪತ್ರೆಯೂ ಕುಮಾರೇಶ್ವರ ಆಸ್ಪತ್ರೆಯೂ ಇವೆ. ವೈದ್ಯೆಯೇ ಪರೀಕ್ಷಿಸಲಿ ಎಂದು ಕೇಳುವುದರಲ್ಲಿ ತಪ್ಪಿಲ್ಲ, ಕೇಳಿ.

ಕೊನೆಗೆ ಒಂದು ಸಣ್ಣ ಕೆಲಸ. ನಿಮ್ಮ ತಾಯಿ ಕಾರ್ಡನ್ನು ಹೆರಿಗೆಯಾಯಿತೆಂದು ಪೆಟ್ಟಿಗೆಯಲ್ಲಿಟ್ಟಿರುತ್ತೀರಿ. ಅದನ್ನು ಹೊರತೆಗೆದು ಹಿಂಬದಿಯ ಖಾಲಿ ಜಾಗದಲ್ಲಿ ಇಂದಿನ ತಾರೀಕು ಹಾಕಿ, ಹೊಕ್ಕುಳಿನ ಮೇಲೆ ಎಷ್ಟು ಬೆರಳು, ಕೆಳಗೆ ಎಷ್ಟು ಬೆರಳು ಎಂದು ಬರೆಯಿರಿ. ತಿಂಗಳಿಗೊಮ್ಮೆ ಅದರ ಕೆಳಗೆ ಬರೆಯುತ್ತಾ ಹೋಗಿ, ಮಗುವಿಗೆ ಚುಚ್ಚುಮದ್ದು ಹಾಕಿಸಲು ಹೋದಾಗ ಆ ಕಾರ್ಡನ್ನು ನರ್ಸಮ್ಮನಿಗೂ ತೋರಿಸಿ.